ಬಾಡಿಗೆ ಚಿತ್ರದ ಬೀಗದ ಕೈ

ಪ್ರಶ್ನೆ: 2004ರಲ್ಲಿ ಕ್ಯಾಲಿಫೋರ್ನಿಯಾದ ನಮ್ಮ ಅಣ್ಣನ ಮನೆಗೆ ಹೋಗಿದ್ದಾಗ, ಅವರು ಇಂಟರ್‌ನೆಟ್‌ನಿಂದ ಒಂದು ಚಲನಚಿತ್ರವನ್ನು ಬಾಡಿಗೆಗೆ ಡೌನ್‌ಲೋಡ್ ಮಾಡಿಕೊಂಡಿದ್ದರು. ಅರ್ಧ ನೋಡಿ ಮಲಗಿದೆವು. ಮರುದಿನ ತಡರಾತ್ರಿ ನೋಡಲು ಕುಳಿತರೆ, ಫೈಲ್ ಕಂಪ್ಯೂಟರಿನಲ್ಲಿದ್ದರೂ ತೆರೆದುಕೊಳ್ಳಲಿಲ್ಲ. ಹಿಂತಿರುಗಿಸಬೇಕಾದ ಕ್ಯಾಸೆಟ್ಟೇ ಇಲ್ಲದ ಮೇಲೆ ಈ ಗಡುವು ಏಕಿತ್ತು?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಅಣ್ಣನವರು ಹಣ ಕೊಟ್ಟು ಪಡೆದದ್ದು ಫೈಲನ್ನಲ್ಲ, ಅದನ್ನು ತೆರೆಯುವ ಬೀಗದ ಕೈಯನ್ನು. ಚಿತ್ರವು ಗೂಢಲಿಪಿಯಲ್ಲಿ ಕಂಪ್ಯೂಟರಿಗೆ ಇಳಿಯುತ್ತಿತ್ತು. ಅದನ್ನು ಬಿಡಿಸುವ ಪರವಾನಗಿ ಬೇರೆಯಾಗಿ ಬರುತ್ತಿತ್ತು. ಅಂದಿನ ಸಾಮಾನ್ಯ ನಿಯಮದಂತೆ ಡೌನ್‌ಲೋಡ್ ಮಾಡಿದ 30 ದಿನಗಳೊಳಗೆ ಯಾವಾಗ ಬೇಕಾದರೂ ನೋಡಲು ಆರಂಭಿಸಬಹುದಿತ್ತು, ಆದರೆ ಒಮ್ಮೆ ಆರಂಭಿಸಿದರೆ 24 ಗಂಟೆಗಳಲ್ಲಿ ಆ ಪರವಾನಗಿ ಮುಗಿಯುತ್ತಿತ್ತು. ಮೈಕ್ರೋಸಾಫ್ಟ್‌ನ ವಿಂಡೋಸ್ ಮೀಡಿಯಾ ತಂತ್ರಜ್ಞಾನವನ್ನು ಇದಕ್ಕೆ ಬಳಸುತ್ತಿದ್ದುದರಿಂದ ಆಪಲ್‌ನ ಮ್ಯಾಕಿಂಟೋಷ್ ಕಂಪ್ಯೂಟರ್ ಇದ್ದವರಿಗೆ ಈ ಸೌಲಭ್ಯ ಸಿಗುತ್ತಿರಲಿಲ್ಲ.

ಗಡುವಿಗೆ ಕಾರಣ ತಂತ್ರಜ್ಞಾನವಲ್ಲ, ವ್ಯಾಪಾರದ ಒಪ್ಪಂದಗಳು. ಅಮೆರಿಕದಲ್ಲಿ ಒಂದು ಚಿತ್ರವು ಚಿತ್ರಮಂದಿರ, ಡಿವಿಡಿ, ಹಣ ತೆತ್ತು ಒಂದೊಂದಾಗಿ ನೋಡುವ ಕೇಬಲ್ ಸೇವೆ, ಆನಂತರ ಚಂದಾ ವಾಹಿನಿ ಎಂಬ ಸರದಿಯಲ್ಲಿ ಸಾಗುತ್ತಿತ್ತು, ಮತ್ತು ಪ್ರತಿ ಹಂತದ ಹಕ್ಕನ್ನೂ ಬೇರೆಬೇರೆಯಾಗಿ ಮಾರಲಾಗುತ್ತಿತ್ತು. ಇಂಟರ್‌ನೆಟ್ ಬಾಡಿಗೆಯನ್ನು ಸ್ಟುಡಿಯೋಗಳು ಆ ಕೇಬಲ್ ಸೇವೆಯ ಸಾಲಿನಲ್ಲೇ ಕೂರಿಸಿದವು. ಆದ್ದರಿಂದ ಹೊಸ ಚಿತ್ರಗಳು ಡಿವಿಡಿ ಅಂಗಡಿಗೆ ಬಂದ ಎಷ್ಟೋ ದಿನಗಳ ನಂತರ ಇಲ್ಲಿಗೆ ಬರುತ್ತಿದ್ದವು. ಚಂದಾ ವಾಹಿನಿಯ ಸರದಿ ಬಂದೊಡನೆ ಪಟ್ಟಿಯಿಂದಲೇ ಮಾಯವಾಗುತ್ತಿದ್ದವು. ಡಿವಿಡಿ ಮಾರಾಟದಿಂದ ಬರುತ್ತಿದ್ದ ದೊಡ್ಡ ಆದಾಯಕ್ಕೆ ಧಕ್ಕೆಯಾಗಬಾರದೆಂಬ ಎಚ್ಚರವೂ, ಹಾಡುಗಳನ್ನು ಜನರು ಉಚಿತವಾಗಿ ಹಂಚಿಕೊಳ್ಳುತ್ತಿದ್ದ ನ್ಯಾಪ್‌ಸ್ಟರ್ ಎಂಬ ಇಂಟರ್‌ನೆಟ್ ಸೇವೆ ಸಂಗೀತ ಕ್ಷೇತ್ರವನ್ನು ಅಲುಗಾಡಿಸಿದ್ದನ್ನು ಕಂಡ ಭಯವೂ ಇದರ ಹಿಂದಿದ್ದವು.

ಎಂಜಿಎಂ, ಪ್ಯಾರಾಮೌಂಟ್, ಸೋನಿ, ಯೂನಿವರ್ಸಲ್ ಮತ್ತು ವಾರ್ನರ್ ಬ್ರದರ್ಸ್ ಎಂಬ ಐದು ಸ್ಟುಡಿಯೋಗಳು ಸೇರಿ 2002ರ ನವೆಂಬರ್‌ನಲ್ಲಿ ಆರಂಭಿಸಿದ ಮೂವಿಲಿಂಕ್ ಈ ಮಾದರಿಯ ಮುಖ್ಯ ಉದಾಹರಣೆ. ಸಿನೆಮಾನೌ ಎಂಬ ಇಂಥದೇ ಇನ್ನೊಂದು ಸೇವೆ ಅದಕ್ಕಿಂತಲೂ ಹಳೆಯದು. ಗ್ರಾಹಕರ ಸಹನೆಯನ್ನು ನೆನೆದರೆ ನನಗೆ ಇಂದಿಗೂ ಗೌರವ ಮೂಡುತ್ತದೆ. 700 ಎಂಬಿಯ ಒಂದು ಚಿತ್ರ 1.5 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಯಲು ಒಂದು ಗಂಟೆಗೂ ಹೆಚ್ಚು ಬೇಕು. 56 ಕೆಬಿಪಿಎಸ್ ಡಯಲ್‌ಅಪ್‌ನಲ್ಲಾದರೆ ಸುಮಾರು 28 ಗಂಟೆ, ಅಂದರೆ ನೋಡಲು ಕೊಟ್ಟ ಅವಧಿಗಿಂತಲೂ ಹೆಚ್ಚು. ಇಷ್ಟಾದ ಮೇಲೆ ಟಿವಿಯಲ್ಲಿ ನೋಡಬೇಕೆಂದರೆ ಕಂಪ್ಯೂಟರಿನಿಂದ ಟಿವಿಗೆ ತಂತಿ ಎಳೆಯಬೇಕಿತ್ತು. ಅಂಚೆಯಲ್ಲಿ ಡಿವಿಡಿ ಕಳುಹಿಸಿ, ತಡವಾದರೂ ದಂಡ ಕೇಳದ ನೆಟ್‌ಫ್ಲಿಕ್ಸ್ ಅದೇ ಕಾಲದಲ್ಲಿ ಬೆಳೆದದ್ದು ಸಹಜವೇ ಆಗಿತ್ತು. 2007ರಲ್ಲಿ ಮೂವಿಲಿಂಕನ್ನು ಬ್ಲಾಕ್‌ಬಸ್ಟರ್ ಎಂಬ ವಿಡಿಯೋ ಬಾಡಿಗೆ ಅಂಗಡಿಗಳ ಕಂಪನಿ ಕೊಂಡುಕೊಂಡಿತು. 24 ಗಂಟೆಯ ಗಡುವು ಮಾತ್ರ ಅಷ್ಟಕ್ಕೇ ಹೋಗಲಿಲ್ಲ: 2008ರ ಜನವರಿಯಲ್ಲಿ ಆಪಲ್ ತನ್ನ ಆನ್‌ಲೈನ್ ಅಂಗಡಿಯಾದ ಐಟ್ಯೂನ್ಸ್‌ನಲ್ಲಿ ಬಾಡಿಗೆ ಆರಂಭಿಸಿದಾಗಲೂ ಅಮೆರಿಕದಲ್ಲಿ ಅದೇ ನಿಯಮವಿತ್ತು.

ಪ್ರಶ್ನೆ: ಬಾಡಿಗೆಯ ಬದಲು ಪೂರ್ತಿ ಹಣ ಕೊಟ್ಟು ಕೊಂಡಿದ್ದರೆ ಚಿತ್ರ ಶಾಶ್ವತವಾಗಿ ನಮ್ಮದಾಗುತ್ತಿತ್ತೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಆಗುತ್ತಿರಲಿಲ್ಲ. ಮೂವಿಲಿಂಕ್ 2006ರ ಏಪ್ರಿಲ್‌ನಲ್ಲಿ ಖರೀದಿಗೂ ಅವಕಾಶ ಕೊಟ್ಟಿತು. ಆದರೆ ಡಿಸ್ಕ್‌ಗೆ ಪ್ರತಿ ಮಾಡಿಕೊಂಡರೂ ಅದು ಮನೆಯ ಸಾಮಾನ್ಯ ಡಿವಿಡಿ ಪ್ಲೇಯರಿನಲ್ಲಿ ಓಡುತ್ತಿರಲಿಲ್ಲ. ಇನ್ನೂ ಸ್ಪಷ್ಟವಾದ ಪ್ರಕರಣ ಗೂಗಲ್ ವಿಡಿಯೋದ್ದು. 2006ರಲ್ಲಿ ವಿಡಿಯೋಗಳನ್ನು ಮಾರತೊಡಗಿದ ಆ ಸೇವೆ, 2007ರ ಆಗಸ್ಟ್‌ನಲ್ಲಿ ಮಾರಾಟ ನಿಲ್ಲಿಸುವುದಾಗಿಯೂ, ಈಗಾಗಲೇ ಕೊಂಡಿರುವ ವಿಡಿಯೋಗಳು ಕೂಡ ಇನ್ನು ತೆರೆಯುವುದಿಲ್ಲವೆಂದೂ ತಿಳಿಸಿತು. ಪರಿಹಾರವಾಗಿ ಮೊದಲು ಬೇರೆ ಆನ್‌ಲೈನ್ ಅಂಗಡಿಗಳಲ್ಲಿ ಖರ್ಚು ಮಾಡಬೇಕಾದ ಮೊತ್ತವನ್ನಷ್ಟೇ ಕೊಟ್ಟಿತ್ತು. ಗ್ರಾಹಕರು ಬಲವಾಗಿ ಆಕ್ಷೇಪಿಸಿದ ಬಳಿಕ ಪೂರ್ಣ ಹಣವನ್ನು ಹಿಂತಿರುಗಿಸಿ, ನೋಡಲು ಆರು ತಿಂಗಳು ಹೆಚ್ಚಿನ ಅವಧಿ ನೀಡಿತು.