ಸಂಪಾದಕರ ಉತ್ತರ: ನಾಯಿಗೂ ವೀರಗಲ್ಲು ಇದೆ ಮೇಡಂ

ಮದ್ದೂರಿಂದ ಬರೆದಿರೋ ಮೇಡಂ, ನಿಮ್ಮ ಕಾಗದ ಎರಡು ಸಲ ಓದ್ದೆ. ದಸರಾ ರಜೆಲಿ ಮಕ್ಕಳಿಬ್ರನ್ನ ಕರ್ಕೊಂಡು ಮೈಸೂರಿಗೆ ಬಂದ್ರಿ, ಅರಮನೆ, ಝೂ ಎಲ್ಲಾ ಆದ್ಮೇಲೆ ಪುರಾತತ್ವದ ಒಂದು ಮ್ಯೂಸಿಯಮ್ಮಿಗೂ ಹೋದ್ರಿ, ಅಲ್ಲಿ ಸಾಲಾಗಿ ನಿಲ್ಸಿರೋ ಕಲ್ಲುಗಳ ಕೆಳಗೆ "ವೀರಗಲ್ಲು, 10ನೇ ಶತಮಾನ" ಅನ್ನೋದು ಬಿಟ್ರೆ ಇನ್ನೊಂದಕ್ಷರ ಇಲ್ಲ, ಸಣ್ಣೋನು "ಅಮ್ಮಾ, ನಮ್ಮೂರ ಗುಡಿ ಹಿಂದೆನೂ ಇಂಥದೇ ಕಲ್ಲಿದೆಯಲ್ಲ, ಇಲ್ಲಿಗ್ಯಾಕೆ ಬಂದ್ವಿ" ಅಂದ, ನಿಮ್ಗೆ ಏನ್ ಹೇಳ್ಬೇಕೋ ತೋಚ್ಲಿಲ್ಲ. ಇಂಥ ಕಡೆ ಮಕ್ಕಳನ್ನ ಕರ್ಕೊಂಡು ಹೋಗಿ ಏನು ಪ್ರಯೋಜನ ಅಂತ ಕೇಳಿದೀರಿ. ಮ್ಯೂಸಿಯಮ್ ಹೆಸರು ನಾನಿಲ್ಲಿ ಹಾಕ್ತಿಲ್ಲ.

ಲೇಬಲ್ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅದು ಮದುವೆ ಫೋಟೋ ಕೆಳಗೆ "ಗಂಡಸು, ಹೆಂಗಸು" ಅಂತ ಬರೆದಂಗಾಯ್ತು. ಆದ್ರೆ ನಿಮ್ಮ ಹುಡುಗ ಹೇಳಿದ್ದಿದೆಯಲ್ಲ, ಗುಡಿ ಹಿಂದಿನ ಕಲ್ಲು ಅವನಿಗೆ ನೆನಪಾಯ್ತಲ್ಲ, ಅಲ್ಲಿಂದ್ಲೇ ಶುರು ಮಾಡ್ಬೇಕಿತ್ತು ಕಣ್ರೀ.

ವೀರಗಲ್ಲು ಅಂದ್ರೆ ಕಾದಾಡಿ ಸತ್ತೋರ ನೆನಪಿಗೆ ನಿಲ್ಸಿದ ಕಲ್ಲು, ಅದನ್ನ ಕೆಳಗಿಂದ ಮೇಲಕ್ಕೆ ಓದ್ಬೇಕು. ನಾವು ಪೇಪರ್ ಓದೋ ಅಭ್ಯಾಸಕ್ಕೆ ಮೇಲಿಂದ ನೋಡ್ತೀವಿ, ಕಥೆನೇ ಹತ್ತಲ್ಲ. ಕೆಳಗಿನ ಪಟ್ಟಿಲಿ ಜಗಳ, ಬಿಲ್ಲು ಬಾಣ, ದನ ಹೊಡ್ಕೊಂಡು ಹೋಗೋರ ಜೊತೆ ಕಾದಾಟ ಆಗಿದ್ರೆ ಮೂಲೆಲಿ ಪುಟ್ಟ ಪುಟ್ಟ ದನಗಳು. ನಡುವೆ ಅಪ್ಸರೆಯರು ಆ ಕಡೆ ಈ ಕಡೆ ನಿಂತು ಸತ್ತವನನ್ನ ಮೇಲಕ್ಕೆ ಕರ್ಕೊಂಡು ಹೋಗ್ತಿರ್ತಾರೆ. ಮೇಲೆ ಲಿಂಗದ ಮುಂದೆ ಅವನು ಆರಾಮಾಗಿ ಕೂತಿದಾನೆ, ನೆತ್ತಿಲಿ ಸೂರ್ಯ ಚಂದ್ರ. ಎಲ್ಲಾ ಕಲ್ಲೂ ಹಿಂಗೇ ಇರಲ್ಲ, ಆದ್ರೆ ಬಹಳಷ್ಟು ಹಿಂಗೇನೇ.

ಈಗ ನಿಮ್ಮ ತಾಲೂಕಿಗೇ ಬನ್ನಿ. ಆತಕೂರಲ್ಲಿ ಸಿಕ್ಕ ಒಂದು ಕಲ್ಲಿದೆ, ಕ್ರಿ.ಶ. 949-50ರ ಸುಮಾರಿಂದು, ಅದರ ವೀರ ಯಾರು ಅಂದ್ರೆ ಒಂದು ಬೇಟೆ ನಾಯಿ, ಹೆಸರು ಕಾಳಿ. ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರ ಮೇಲೆ ಹೋದಾಗ ತಕ್ಕೋಲದಲ್ಲಿ ಕೃಷ್ಣನ ಕಡೆಯ ಗಂಗರ ಬೂತುಗ ಚೋಳ ರಾಜಾದಿತ್ಯನನ್ನ ಕೊಂದ, ಬೂತುಗನ ಕಡೆಯ ಮಣಲೆರ ಅನ್ನೋನೂ ಚೆನ್ನಾಗಿ ಕಾದಾಡಿದ, ಬೂತುಗ ಅವನಿಗೆ ಮೆಚ್ಚಿದೀನಿ ಏನ್ ಬೇಕೋ ಕೇಳು ಅಂದ್ರೆ ಆ ಪುಣ್ಯಾತ್ಮ ಕೇಳಿದ್ದು ಕಾಳಿನ! ಆಮೇಲೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಲಿ, ಅಂದ್ರೆ ಕಲ್ಲುಗುಡ್ಡದಲ್ಲಿ, ಅದನ್ನ ಒಂದು ದೊಡ್ಡ ಹಂದಿ ಮೇಲೆ ಬಿಟ್ರು. "ಪಂದಿಯುಂ ನಾಯುಂ ಒಡಸತ್ತುವು" ಅಂತದೆ ಶಾಸನ. ಒಡಸತ್ತುವು, ಅಂದ್ರೆ ಜೊತೆಜೊತೆಗೇ ಸತ್ತವು. ಅಳೋದು ಕರೆಯೋದು ಏನಿಲ್ಲ, ಒಂದೇ ಪದ. ಹಂದಿ ನಾಯಿ ಕಚ್ಚಾಡ್ತಿರೋದನ್ನ ಕಲ್ಲಲ್ಲೇ ಕೆತ್ತಿದಾರೆ, ಆ ನಾಯಿ ಕಲ್ಲಿನ ಪೂಜೆಗೆ ಅಂತ ಭೂಮಿನೂ ಬಿಟ್ಟಿದಾರೆ, ಪೂಜೆ ಮಾಡದೆ ಉಂಡ ಗೊರವನಿಗೆ, ಅಂದ್ರೆ ಶೈವ ಪೂಜಾರಿಗೆ, ಪಾಪ ಸುತ್ಕೊಳತ್ತೆ ಅಂತ ಬೇರೆ ಬರೆಸಿದಾರೆ. ಇದನ್ನ ಬಸ್ಸಲ್ಲಿ ಬರ್ತಾ ಹೇಳಿದ್ರೆ ನಿಮ್ಮ ಸಣ್ಣೋನು ಮ್ಯೂಸಿಯಮ್ಮಿಂದ ಆಚೆ ಬರ್ತಿದ್ನಾ?

ಬೇಜಾರೇನಪ್ಪಾ ಅಂದ್ರೆ ಆ ಕಲ್ಲು ಮೈಸೂರಲ್ಲೂ ಇಲ್ಲ, ಮದ್ದೂರಲ್ಲೂ ಇಲ್ಲ. ಬೆಂಗಳೂರಿನ ಕಸ್ತೂರಬಾ ರೋಡಿನ ಸರ್ಕಾರಿ ಮ್ಯೂಸಿಯಮ್ ಸೇರಿದೆ. ಭದ್ರವಾಗಿದೆ ಅನ್ನೋದು ನಿಜ, ಆದ್ರೂ ಊರ ಕಲ್ಲು ಊರೋರಿಗೇ ಗೊತ್ತಿಲ್ಲ ಅನ್ನೋದು ನನಗಂತೂ ಚುಚ್ಚುತ್ತೆ. ಶಾಸನದ ಪಾಠ ಬೇಕಂದ್ರೆ ಲೈಬ್ರರಿಲಿ ಬಿ.ಎಲ್. ರೈಸ್ ಸಾಹೇಬ್ರು ಶಾಸನಗಳನ್ನ ಕೂಡಿಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾ ಕೇಳಿ, ಹಳೇ ಸಂಪುಟ ಆದ್ರೆ ಮೈಸೂರು ಜಿಲ್ಲೆದು ತೆಗೀಬೇಕು, ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ.

ಇನ್ನು ಗುಡಿ ಹಿಂದಿನ ಕಲ್ಲು. ಅಕ್ಷರ ಕಾಣ್ಲಿ ಅಂತ ಸೀಮೆಸುಣ್ಣ ಬಳೀಬೇಡಿ, ವೈರ್ ಬ್ರಷ್ಷಲ್ಲಿ ಉಜ್ಜೋದಂತೂ ಬೇಡ್ವೇ ಬೇಡ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ನೋಡಿ, ಇಲ್ಲ ಕತ್ತಲಾದ್ಮೇಲೆ ಮೊಬೈಲ್ ಟಾರ್ಚನ್ನ ಪಕ್ಕದಿಂದ ಹಿಡೀರಿ, ಮಧ್ಯಾಹ್ನ ಬರೀ ಬಂಡೆ ಥರ ಕಾಣೋದ್ರಲ್ಲಿ ಸಾಲು ಸಾಲು ಅಕ್ಷರ ಎದ್ದು ಬರತ್ತೆ. ಫೋಟೋ ತೆಗೆದು ಕಳ್ಸಿ, ಟಾರ್ಚ್ ಮಾತ್ರ ಸಣ್ಣೋನ ಕೈಲೇ ಇರ್ಲಿ.