ಡ್ರಾಪ್ ಚೆಕರ್ ಹಸಿರು, ಮೀನು ಮಾತ್ರ ಮೇಲೆ ಬಂದು ಬಾಯಿ ಬಿಡುತ್ತಿವೆ

ಪ್ರಶ್ನೆ: ನನ್ನದು 60 ಲೀಟರ್‌ನ ಗಿಡದ ಟ್ಯಾಂಕ್. ಸಿಲಿಂಡರ್‌ನಿಂದ ಸೆಕೆಂಡಿಗೆ ಎರಡು ಗುಳ್ಳೆಯಂತೆ ಗಿಡಗಳಿಗೆ ಸಿಒ2 (ಇಂಗಾಲದ ಡೈಆಕ್ಸೈಡ್) ಕೊಡುತ್ತೇನೆ, ರಾತ್ರಿಯೂ ನಿಲ್ಲಿಸುವುದಿಲ್ಲ. ಸಿಒ2 ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್‌ಗೆ ಟ್ಯಾಂಕಿನ ನೀರನ್ನೇ ತುಂಬಿ, ಅದರ ಜೊತೆ ಬಂದ ಬಣ್ಣದ ದ್ರಾವಣ ಮೂರು ಹನಿ ಹಾಕಿದ್ದೇನೆ. ಬಣ್ಣ ಸದಾ ಹಸಿರು. ಆದರೂ ಬೆಳಿಗ್ಗೆ ನೋಡಿದರೆ ಟೆಟ್ರಾಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಇನ್ನೊಂದು ಕಡೆ, ಬಲ ಮೂಲೆಯ ಅನುಬಿಯಾಸ್ ಗಿಡದ ಎಲೆಗಳ ಅಂಚಿಗೆ ಕಪ್ಪು ಗಡ್ಡದಂಥ ಪಾಚಿ ಹತ್ತಿದೆ. ಪಾಚಿ ಬಂದರೆ ಸಿಒ2 ಕಮ್ಮಿ ಅಂತಾರೆ, ಮೀನು ನೋಡಿದರೆ ಜಾಸ್ತಿ ಅನ್ನಿಸುತ್ತೆ. ಯಾವುದನ್ನು ನಂಬಲಿ? ನೀರಿನ ಕೆಎಚ್ (ಕಾರ್ಬೊನೇಟ್ ಗಡಸುತನ) 8.

ಉತ್ತರ: ಮೀನನ್ನೇ ನಂಬಿ. ಗ್ಯಾಸ್ ವಾಲ್ವ್ ಮುಚ್ಚಿ, ಏರ್ ಪಂಪ್ ಇದ್ದರೆ ಹಾಕಿ, ಅರ್ಧದಷ್ಟು ನೀರು ಬದಲಿಸಿ, ಆಮೇಲೆ ಮುಂದೆ ಓದಿ.

ತಪ್ಪು ಆಗಿರುವುದು ಆ ಪುಟ್ಟ ಗಾಜಿನ ಬುರುಡೆಯೊಳಗೆ. ಡ್ರಾಪ್ ಚೆಕರ್ ಸಿಒ2 ಅನ್ನು ನೇರವಾಗಿ ಅಳೆಯುವುದಿಲ್ಲ. ಒಳಗಿನ ದ್ರಾವಣದ ಪಿಎಚ್ ಸುಮಾರು 6.6ಕ್ಕೆ ಇಳಿದಾಗ ಅದು ಹಸಿರಾಗುತ್ತದೆ, ಅಷ್ಟೇ. ಆ ಹಸಿರಿಗೆ ಏನು ಅರ್ಥ ಅನ್ನುವುದು ಒಳಗೆ ಯಾವ ಕೆಎಚ್‌ನ ನೀರಿದೆ ಎಂಬುದರ ಮೇಲೆ ನಿಂತಿದೆ. ಕೆಎಚ್ 4 ಇದ್ದರೆ ಹಸಿರು ಎಂದರೆ ಸುಮಾರು 30 ಪಿಪಿಎಂ (ಲೀಟರಿಗೆ 30 ಮಿಲಿಗ್ರಾಂ) ಸಿಒ2. ನಿಮ್ಮ ಬುರುಡೆಯಲ್ಲಿರುವುದು ಕೆಎಚ್ 8ರ ನೀರು, ಹಾಗಾಗಿ ಅದೇ ಹಸಿರು 60 ಪಿಪಿಎಂ ತೋರಿಸುತ್ತಿದೆ. ಇಷ್ಟು ದಿನ ಮೀನುಗಳು ತಡೆದುಕೊಂಡಿದ್ದೇ ಹೆಚ್ಚು.

ಸರಿಯಾದ ದ್ರಾವಣವನ್ನು ಮನೆಯಲ್ಲೇ ಮಾಡಬಹುದು. ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ 1.2 ಗ್ರಾಂ ಅಡುಗೆ ಸೋಡಾ ಕರಗಿಸಿ. ಇದು ಕೆಎಚ್ 40. ಇದರಲ್ಲಿ 100 ಮಿಲಿ ತೆಗೆದು, ಡಿಸ್ಟಿಲ್ಡ್ ನೀರನ್ನೇ ಸೇರಿಸಿ ಒಂದು ಲೀಟರ್ ಮಾಡಿದರೆ ಕೆಎಚ್ 4. ಬುರುಡೆಗೆ ಟ್ಯಾಂಕಿನ ನೀರಿನ ಬದಲು ಇದನ್ನು ತುಂಬಿ. ನಲ್ಲಿ ನೀರು ಬೇಡ, ಅದರಲ್ಲೇ ಕೆಎಚ್ ಇರುತ್ತದೆ. ಬೇಕಿಂಗ್ ಪೌಡರ್ ಅಲ್ಲ, ಸೋಡಾ. ಈ ಎರಡನ್ನು ಅದಲುಬದಲು ಮಾಡಿಕೊಂಡವರನ್ನು ನೋಡಿದ್ದೇನೆ.

ಇನ್ನು ಬೆಳಿಗ್ಗೆಯೇ ಯಾಕೆ? ಬೆಳಕಿಲ್ಲದಾಗ ಗಿಡ ಸಿಒ2 ತಿನ್ನುವುದಿಲ್ಲ, ಅದೂ ಮೀನಿನ ಹಾಗೆ ಆಮ್ಲಜನಕ ಎಳೆದುಕೊಂಡು ಸಿಒ2 ಬಿಡುತ್ತದೆ. ಅದರ ಮೇಲೆ ಸಿಲಿಂಡರೂ ರಾತ್ರಿಯಿಡೀ ಸುರಿಯುತ್ತಿದ್ದರೆ ನಸುಕಿಗೆ ಮಟ್ಟ ತುದಿ ಮುಟ್ಟಿರುತ್ತದೆ. ಮೀನು ತನ್ನ ರಕ್ತದ ಸಿಒ2 ಅನ್ನು ಕಿವಿರಿನ ಮೂಲಕ ನೀರಿಗೆ ಬಿಡಬೇಕು. ನೀರೇ ಅದರಿಂದ ತುಂಬಿದ್ದರೆ ಹೊರಗೆ ಹೋಗುವುದಕ್ಕೆ ದಾರಿ ಇರದು. ರಕ್ತ ಆಮ್ಲೀಯವಾಗಿ, ಆಮ್ಲಜನಕ ಹೊರುವ ಶಕ್ತಿಯೂ ಕುಗ್ಗುತ್ತದೆ. ಹಾಗಾಗಿ ನೀರಿನಲ್ಲಿ ಆಮ್ಲಜನಕ ಸಾಕಷ್ಟಿದ್ದಾಗಲೂ ಮೀನು ಒದ್ದಾಡಬಹುದು.

ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗೆ ಒಂದು ಟೈಮರ್ ಹಾಕಿ. ಲೈಟ್ ಹತ್ತುವ ಒಂದೆರಡು ಗಂಟೆ ಮೊದಲು ಗ್ಯಾಸ್ ಶುರುವಾಗಲಿ, ಲೈಟ್ ಆರುವ ಒಂದು ಗಂಟೆ ಮೊದಲು ನಿಲ್ಲಲಿ. ಲೈಟ್ ಹತ್ತುವ ಹೊತ್ತಿಗೆ ಮಟ್ಟ ತಯಾರಿರಬೇಕು, ಅದು ಮುಖ್ಯ.

ಈಗ ಪಾಚಿ. ನಿಮ್ಮ ಟ್ಯಾಂಕಿನಲ್ಲಿ ಸಿಒ2 ಹೆಚ್ಚೂ ಆಗಿದೆ, ಕಮ್ಮಿಯೂ ಆಗಿದೆ! ಕರಗಿದ ಅನಿಲ ನೀರಿನಲ್ಲಿ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ನೀರು ಅಲ್ಲಾಡದ ಮೂಲೆಯಲ್ಲಿ ಎಲೆಯ ಮೈಗೆ ಅಂಟಿದ ತೆಳು ಪದರದ ಸಿಒ2 ಖಾಲಿಯಾಗುತ್ತದೆ, ಹೊಸದು ಬಂದು ತಲುಪುವುದಿಲ್ಲ. ಅನುಬಿಯಾಸ್ ಮೊದಲೇ ನಿಧಾನದ ಗಿಡ, ಎಲೆ ಹಳೆಯದಾಗುತ್ತ ಪಾಚಿಗೆ ಜಾಗ ಕೊಡುತ್ತದೆ. ಒಂದು ಸಲ ಹತ್ತಿರ ಕೂತು ನೋಡಿ: ಡಿಫ್ಯೂಸರ್‌ನಿಂದ (ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಸಾಧನ) ಏಳುವ ಸಣ್ಣ ಮಂಜು ನೇರ ಮೇಲೆ ಹೋಗಿ ಒಡೆಯುತ್ತಿದೆಯೋ, ಅಥವಾ ಫಿಲ್ಟರ್ ನೀರಿನ ಸೆಳೆತಕ್ಕೆ ಸಿಕ್ಕಿ ಇಡೀ ಟ್ಯಾಂಕ್ ಸುತ್ತುತ್ತಿದೆಯೋ? ನೇರ ಏರುತ್ತಿದ್ದರೆ ಫಿಲ್ಟರ್‌ನ ಹೊರಹರಿವಿನ ಹಾದಿಗೆ, ಆದಷ್ಟು ತಳಕ್ಕೆ ಡಿಫ್ಯೂಸರ್ ಸರಿಸಿ. ಬಲ ಮೂಲೆಯ ಎಲೆಗಳು ಮೆಲ್ಲಗೆ ತೂಗಾಡುವಂತಾದರೆ ಸಾಕು. ಪಾಚಿ ಹತ್ತಿದ ಎಲೆಗಳನ್ನು ಕತ್ತರಿಸಿ ಬಿಸಾಕಿ, ಅವು ಮತ್ತೆ ಚೊಕ್ಕಟವಾಗುವುದಿಲ್ಲ. ಲೈಟನ್ನು ಕೆಲವು ವಾರ ಆರೇಳು ಗಂಟೆಗೆ ಇಳಿಸಿ.

ನೀರಿನ ಮೇಲ್ಮೈ ಸ್ವಲ್ಪ ಅಲುಗಾಡಲಿ. ಸಿಒ2 ಹಾರಿಹೋಗುತ್ತದೆ ಎಂದು ಹೆದರಿ ಮೇಲ್ಮೈಯನ್ನು ಕನ್ನಡಿಯಂತೆ ಇಡುವವರಿದ್ದಾರೆ. ಸ್ವಲ್ಪ ಹೋಗುತ್ತದೆ, ನಿಜ. ಅದನ್ನು ತುಂಬಲು ಇನ್ನೊಂದಿಷ್ಟು ಗುಳ್ಳೆ ಬಿಟ್ಟರಾಯಿತು. ಬದಲಿಗೆ ಸಿಗುವ ಆಮ್ಲಜನಕ ಮೀನಿಗೆ ದೊಡ್ಡ ಆಸರೆ.

ವಾಲ್ವ್ ಮತ್ತೆ ತೆರೆಯುವಾಗ ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರು ಮಾಡಿ. ಗುಳ್ಳೆಯ ಲೆಕ್ಕ ನಿಮ್ಮ ಟ್ಯಾಂಕಿಗಷ್ಟೇ ಸರಿ, ಬಬಲ್ ಕೌಂಟರ್ ಬದಲಾದರೆ ಗುಳ್ಳೆಯ ಗಾತ್ರವೇ ಬದಲಾಗುತ್ತದೆ. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ, ಅಂದರೆ ಚೆಕರ್ ಹೇಳುವುದು ಯಾವಾಗಲೂ ಹಳೆಯ ಸುದ್ದಿ. ಆದ್ದರಿಂದ ದಿನಕ್ಕೆ ಒಂದೇ ಸಲ, ಕೂದಲೆಳೆಯಷ್ಟು ತಿರುಗಿಸಿ, ಅದೂ ನೀವು ಮನೆಯಲ್ಲಿರುವ ದಿನ.

ಸಿಲಿಂಡರ್ ಖಾಲಿಯಾಗುವ ಹೊತ್ತಿಗೂ ಒಂದು ಕಣ್ಣಿರಲಿ. ಒಳಗೆ ದ್ರವ ಇರುವವರೆಗೆ ಒತ್ತಡದ ಮುಳ್ಳು ಅಲ್ಲಾಡುವುದಿಲ್ಲ. ದ್ರವ ಮುಗಿದ ಮೇಲೆ ದಡದಡ ಇಳಿಯುತ್ತದೆ. ಆಗ ಒತ್ತಡವನ್ನು ಒಂದೇ ಹಂತದಲ್ಲಿ ಇಳಿಸುವ ಕೆಲವು ಸಿಂಗಲ್ ಸ್ಟೇಜ್ ರೆಗ್ಯುಲೇಟರ್‌ಗಳಲ್ಲಿ ಹೊರಬರುವ ಒತ್ತಡ ಏರಿ, ಉಳಿದ ಗ್ಯಾಸ್ ಒಮ್ಮೆಲೇ ನುಗ್ಗುತ್ತದೆ. ಇದನ್ನು ನಾನು ಕಲಿತದ್ದು ಒಂದು ಬೆಳಿಗ್ಗೆ ಸೀಗಡಿಗಳನ್ನೆಲ್ಲ ಕಳೆದುಕೊಂಡು. ಈಗ ಮುಳ್ಳು ಇಳಿಯಲು ಶುರುವಾದ ದಿನವೇ ಸಿಲಿಂಡರ್ ಬಿಚ್ಚುತ್ತೇನೆ.

ಪ್ರಶ್ನೆ: ಪಿಎಚ್, ಕೆಎಚ್ ನೋಡಿ ಸಿಒ2 ಲೆಕ್ಕ ಹಾಕುವ ಪಟ್ಟಿಯ ಪ್ರಕಾರ ನನ್ನ ಟ್ಯಾಂಕಿನಲ್ಲಿ 120 ಪಿಪಿಎಂ ಬರುತ್ತದೆ (ಪಿಎಚ್ 6.0, ಕೆಎಚ್ 4). ಮೀನುಗಳು ಆರಾಮಾಗಿವೆ. ಒಳಗೆ ದೊಡ್ಡ ಮರದ ಬೇರು ಇದೆ.

ಉತ್ತರ: ಆ ಬೇರೇ ಪಟ್ಟಿಯ ಲೆಕ್ಕ ಕೆಡಿಸಿರಬಹುದು. ಪಿಎಚ್ ಇಳಿದದ್ದಕ್ಕೆಲ್ಲ ಸಿಒ2 ಒಂದೇ ಕಾರಣ ಎಂದುಕೊಂಡು ಮಾಡಿದ ಪಟ್ಟಿ ಅದು. ಮರದ ಟ್ಯಾನಿನ್, ಪೀಟ್, ಆಕ್ಟಿವ್ ಸಾಯಿಲ್ (ಟ್ಯಾಂಕಿನ ತಳಕ್ಕೆ ಹಾಕುವ ಮಣ್ಣು) ಇವೂ ಪಿಎಚ್ ಇಳಿಸುತ್ತವೆ. ಒಂದು ಲೋಟ ಟ್ಯಾಂಕ್ ನೀರನ್ನು 24 ಗಂಟೆ ತೆರೆದಿಟ್ಟು ಅದರ ಪಿಎಚ್ ನೋಡಿ, ಆಮೇಲೆ ಗ್ಯಾಸ್ ಓಡುತ್ತಿರುವಾಗಿನ ಪಿಎಚ್ ಜೊತೆ ಹೋಲಿಸಿ. ಪಿಎಚ್ 1 ಇಳಿದರೆ ಸಿಒ2 ಹತ್ತು ಪಟ್ಟಾಗಿದೆ ಎಂದರ್ಥ. ‘1 ಇಳಿದರೆ 30 ಪಿಪಿಎಂ’ ಎಂಬ ರೂಢಿಯ ಮಾತು, ಮೊದಲಿಗೆ 3 ಪಿಪಿಎಂ ಇತ್ತು ಎಂದುಕೊಂಡು ಹೇಳುವುದು. ಚೆನ್ನಾಗಿ ಗಾಳಿಯಾಡಿದ ನೀರಿನಲ್ಲಿ ಅಷ್ಟು ಇರುವುದಿಲ್ಲ. ಹಾಗಾಗಿ 1 ಅನ್ನು ಮೊದಲ ಮೆಟ್ಟಿಲು ಮಾಡಿಕೊಳ್ಳಿ. ಗಿಡ ಸೊರಗಿದಂತೆ ಕಂಡರೆ ಮಾತ್ರ 0.1ರಂತೆ ಮುಂದೆ ಹೋಗಿ, ಮೀನಿನ ಉಸಿರು ಜೋರಾದ ಕಡೆ ಒಂದು ಹೆಜ್ಜೆ ಹಿಂದೆ ಬನ್ನಿ.

ಪ್ರಶ್ನೆ: ಸಕ್ಕರೆ-ಯೀಸ್ಟ್ ಬಾಟಲಿ ಸಾಕೇ? ಇಲ್ಲ ಲಿಕ್ವಿಡ್ ಕಾರ್ಬನ್ ಹಾಕಲೇ?

ಉತ್ತರ: ಚಿಕ್ಕ ಟ್ಯಾಂಕಿಗೆ ಬಾಟಲಿ ನಡೆಯುತ್ತದೆ, ಆದರೆ ಮೊದಲ ದಿನಗಳಲ್ಲಿ ಜೋರು, ಕೊನೆಗೆ ಮಂದ. ಈ ಏರಿಳಿತವೇ ಕಪ್ಪು ಪಾಚಿಗೆ ಆಹ್ವಾನ. ಎರಡು ಬಾಟಲಿ ಇಟ್ಟು ಒಂದೊಂದನ್ನು ಬೇರೆ ಬೇರೆ ವಾರ ಬದಲಿಸಿದರೆ ಸ್ವಲ್ಪ ಸಮ ಆಗುತ್ತದೆ. ರಾತ್ರಿ ಅದನ್ನು ನಿಲ್ಲಿಸಲಾಗದು, ಹಾಗಾಗಿ ಕತ್ತಲಾದ ಮೇಲೆ ಏರ್ ಪಂಪ್ ಓಡಿಸಿ. ಲಿಕ್ವಿಡ್ ಕಾರ್ಬನ್ ಹೆಸರಿನಲ್ಲಿ ಸಾಮಾನ್ಯವಾಗಿ ಸಿಗುವುದು ಗ್ಲುಟರಾಲ್ಡಿಹೈಡ್, ಅಂದರೆ ಸೋಂಕು ನಿವಾರಕ. ಪಾಚಿಯನ್ನು ಸುಡುತ್ತದೆ, ಸಿಒ2 ಬದಲಿಗೆ ನಿಲ್ಲುವುದಿಲ್ಲ. ವ್ಯಾಲಿಸ್ನೇರಿಯಾ ಗಿಡ ಇದ್ದರಂತೂ ಅದು ಕರಗಿಹೋಗುವ ಸಾಧ್ಯತೆ ಹೆಚ್ಚು. ಬರೀ ಜಾವಾ ಫರ್ನ್, ಅನುಬಿಯಾಸ್, ಮಾಸ್ ಇಡುವುದಾದರೆ ಲೈಟ್ ಕಡಿಮೆ ಮಾಡಿ. ಆಗ ಬಾಟಲಿಯೂ ಬೇಡ, ಸಿಲಿಂಡರೂ ಬೇಡ.