ಹೂ ಮುಗಿದ ಮೇಲೆ ಗೆಡ್ಡೆ ಗಿಡಗಳ ಎಲೆಯನ್ನು ಸವರಬಹುದೇ?

ಬೇಸಿಗೆಯಲ್ಲಿ ಹೂ ಬಿಟ್ಟ ಅಮರಿಲ್ಲಿಸ್ ಗಿಡಗಳ ಎಲೆಗಳು ಈಗ ಕುಂಡದಾಚೆ ಜೋತುಬಿದ್ದಿವೆ, ಮನೆಗೆ ಬರುವ ಮಾಲಿ ಅವನ್ನು ಬುಡಮಟ್ಟಕ್ಕೆ ಸವರಿಬಿಡೋಣ ಎನ್ನುತ್ತಿದ್ದಾರೆ, ಆದರೆ ಹೋದ ವರ್ಷ ಹಾಗೆ ಸವರಿಸಿದ ಮೇಲೆ ಈ ಬಾರಿ ಐದು ಕುಂಡಗಳಲ್ಲಿ ಒಂದು ಮಾತ್ರ ಹೂ ಬಿಟ್ಟಿತು, ಏನು ಮಾಡಲಿ ಎಂದು ಕೇಳಿದ್ದೀರಿ. ಸುಗಂಧರಾಜ ಮತ್ತು ಗ್ಲಾಡಿಯೋಲಸ್ ಬಗೆಗೂ ಇದೇ ಸಂದೇಹವಿದೆ ಎಂದಿದ್ದೀರಿ. ದಯವಿಟ್ಟು ಹಸಿರೆಲೆಗೆ ಕತ್ತರಿ ಹಾಕಲು ಬಿಡಬೇಡಿ. ನಿಮ್ಮ ನಾಲ್ಕು ಕುಂಡಗಳು ಬರಿದಾಗಿ ಉಳಿದದ್ದಕ್ಕೆ ಹೋದ ವರ್ಷದ ಆ ಸವರುವಿಕೆಯೇ ಕಾರಣವಿರಬೇಕು.

ಬಸವನಗುಡಿಯ ನಮ್ಮ ಮನೆಯ ತಾರಸಿಯಲ್ಲಿ ಹಲವು ವರ್ಷಗಳಿಂದ ಈ ಗಿಡಗಳನ್ನು ಬೆಳೆಸುತ್ತಿದ್ದೇನೆ. ಒಮ್ಮೆ ಒಂದು ಪಕ್ಕ ಕೊಳೆತಿದ್ದ ಅಮರಿಲ್ಲಿಸ್ ಗೆಡ್ಡೆಯನ್ನು ಎಸೆಯುವ ಮುನ್ನ ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಈರುಳ್ಳಿಯ ಹಾಗೆ ಬಿಳಿಯ ಪದರಗಳು, ಅವುಗಳ ನಡುವೆ, ತಳಕ್ಕೆ ಅಂಟಿಕೊಂಡಂತೆ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಎಳೆಯ ಮೊಗ್ಗು ಕಂಡಿತು. ಅದು ಮುಂದಿನ ಬೇಸಿಗೆಯ ಹೂವು. ಆ ಪದರಗಳೂ ಬೇರೇನಲ್ಲ, ಎಲೆಗಳ ಬುಡವೇ ಆಹಾರ ತುಂಬಿಕೊಂಡು ದಪ್ಪಗಾದ ಭಾಗ. ಅಮರಿಲ್ಲಿಸ್ ಸಾಮಾನ್ಯವಾಗಿ ನಾಲ್ಕು ಎಲೆಗಳಿಗೊಂದು ಹೂದಂಟಿನ ಲೆಕ್ಕದಲ್ಲಿ ಬೆಳೆಯುತ್ತದೆ; ಆದ್ದರಿಂದ ಹೂ ಮುಗಿದ ನಂತರ ಎಷ್ಟು ಎಲೆಗಳು ಬಿಸಿಲಿನಲ್ಲಿ ಎಷ್ಟು ಕಾಲ ಹಸಿರಾಗಿ ನಿಲ್ಲುತ್ತವೆ ಎಂಬುದರ ಮೇಲೆ ಮುಂದಿನ ವರ್ಷದ ಹೂವು ನಿಂತಿರುತ್ತದೆ. ಅಂದಗೆಟ್ಟಂತೆ ಕಾಣುವ ಆ ತಿಂಗಳುಗಳೇ ಗಿಡದ ದುಡಿಮೆಯ ತಿಂಗಳುಗಳು.

ಹಾಗಾದರೆ ಕತ್ತರಿಸಬೇಕಾದದ್ದು ಯಾವುದು? ಬಾಡಿದ ಹೂವು, ಅದರ ಹಿಂದೆ ಉಬ್ಬುತ್ತಿರುವ ಹಸಿರು ಬೀಜದ ಕಾಯಿ. ಬೀಜ ಬೇಡವೆಂದಾದರೆ ಅದನ್ನು ಕೂಡಲೇ ಚಿವುಟಿ, ಇಲ್ಲದಿದ್ದರೆ ಗೆಡ್ಡೆಗೆ ಇಳಿಯಬೇಕಾದ ಸತ್ವ ಅಲ್ಲಿಗೆ ಹೋಗುತ್ತದೆ. ಹೂದಂಟು ಹಸಿರಾಗಿರುವಷ್ಟು ದಿನ ಅದೂ ಎಲೆಯ ಕೆಲಸವನ್ನೇ ಮಾಡುವುದರಿಂದ, ಅದು ಹಳದಿಯಾಗಿ ಮೆತ್ತಗಾಗುವ ತನಕ ಕಾದು, ಗೆಡ್ಡೆಯ ಕತ್ತಿನಿಂದ ಎರಡು ಬೆರಳು ಮೇಲೆ ಓರೆಯಾಗಿ ಕೊಯ್ಯಿರಿ. ಈ ದಂಟಿನ ಒಳಗೆ ಟೊಳ್ಳು. ಎತ್ತರದಲ್ಲಿ ಕತ್ತರಿಸಿ ಬಿಟ್ಟರೆ ಮಳೆಯ ನೀರು ಅದರೊಳಗೆ ನಿಂತು ದಂಟು ಕೊಳೆತು, ಆ ಕೊಳೆ ಗೆಡ್ಡೆಗೂ ಇಳಿಯಬಹುದು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯ ಅಲಗನ್ನು ಸ್ಪಿರಿಟ್‌ನಲ್ಲಿ ಒರೆಸುವುದನ್ನು ಮರೆಯಬೇಡಿ, ಏಕೆಂದರೆ ಎಲೆಯ ಮೇಲೆ ಹಳದಿ ಪಟ್ಟೆ ಮೂಡಿಸುವ ನಂಜುರೋಗ ಗಿಡದ ರಸದ ಮೂಲಕವೇ ಹರಡುತ್ತದೆ ಮತ್ತು ಅದಕ್ಕೆ ಔಷಧವಿಲ್ಲ. ಕೆಂಪು ಕಲೆ ಬಿದ್ದ ಎಲೆಯಿದ್ದರೆ ಅದು ಶಿಲೀಂಧ್ರದ ಕೆಲಸ. ಅಂಥ ಎಲೆಯನ್ನು ಮಾತ್ರ ಹಸಿರಿದ್ದರೂ ತೆಗೆದುಹಾಕಿ.

ಉಳಿದ ಎಲೆಗಳು ಪೂರ್ತಿ ಹಳದಿಯಾದ ಮೇಲೆ ಕತ್ತರಿಯೇ ಬೇಕಿಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಕಳಚಿ ಬರುತ್ತವೆ. ಬಾರದಿದ್ದರೆ ಇನ್ನೊಂದು ವಾರ ಬಿಡಿ. ಕೆಲವರು ಎಲೆಗಳನ್ನು ಮಡಚಿ ಗಂಟು ಕಟ್ಟುತ್ತಾರೆ, ಇದರಿಂದ ಬಿಸಿಲು ಬೀಳುವ ಮೈ ಕಡಿಮೆಯಾಗುತ್ತದೆ, ನನಗೆ ಅದು ಒಪ್ಪಿಗೆಯಿಲ್ಲ. ಸಣ್ಣ ಬಿದಿರ ಕಡ್ಡಿಯ ಆಸರೆ ಕೊಟ್ಟು, ಕುಂಡವನ್ನು ಬಿಸಿಲಿರುವ ಹಿಂದಿನ ಸಾಲಿಗೆ ಸರಿಸಿದರೆ ಸಾಕು.

ವಿದೇಶದ ತೋಟಗಾರಿಕೆ ಪುಸ್ತಕಗಳಲ್ಲಿ ಗೆಡ್ಡೆ ಗಿಡಗಳು ತಾವಾಗಿಯೇ ಒಣಗಿ ಮಲಗುತ್ತವೆ ಎಂದು ಓದಿ, ಇಲ್ಲಿ ಹಾಗಾಗದಿದ್ದಾಗ ಬಲವಂತವಾಗಿ ಸವರುವವರಿದ್ದಾರೆ. ಟ್ಯೂಲಿಪ್‌ನಂಥವಕ್ಕೆ ಹೂ ಬಿಡಲು ವಾರಗಟ್ಟಲೆ ಕೊರೆಯುವ ಚಳಿ ಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ ಅಂಥ ಚಳಿಯಿಲ್ಲ, ಅಮರಿಲ್ಲಿಸ್ ಇಲ್ಲಿ ವರ್ಷವಿಡೀ ಹಸಿರಾಗಿಯೇ ಇರಬಲ್ಲದು. ಅದಕ್ಕೆ ವಿಶ್ರಾಂತಿ ಬೇಕೆನಿಸಿದರೆ ಆ ಕೆಲಸವನ್ನು ನೀರಿನಿಂದ ಮಾಡಿಸಬೇಕು, ಕತ್ತರಿಯಿಂದಲ್ಲ. ನಾನು ಹಿಂಗಾರು ಮಳೆ ನಿಂತ ಮೇಲೆ, ನವೆಂಬರ್ ಕೊನೆಯಿಂದ ಎಂಟು-ಹತ್ತು ವಾರ ಕುಂಡಗಳಿಗೆ ನೀರು ನಿಲ್ಲಿಸುತ್ತೇನೆ, ಎಲೆಗಳು ತಾವೇ ಹಣ್ಣಾಗುತ್ತವೆ, ಫೆಬ್ರುವರಿಯಲ್ಲಿ ಮತ್ತೆ ನೀರು ಕೊಟ್ಟರೆ ಮೊದಲು ಮೊಗ್ಗಿನ ಮೂತಿ ಕಾಣಿಸುತ್ತದೆ.

ಸುಗಂಧರಾಜದ ವಿಚಾರ ಸ್ವಲ್ಪ ಬೇರೆ. ಅದರ ಒಂದು ಗೆಡ್ಡೆ ಒಮ್ಮೆ ಮಾತ್ರ ಹೂ ಕೊಡುತ್ತದೆ, ಮುಂದಿನ ಹೂವು ಸುತ್ತಲಿನ ಮರಿಗೆಡ್ಡೆಗಳದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲದಂಥ ಒಂಟಿ ಸುತ್ತಿನ ತಳಿಯಾಗಲಿ, ಸುವಾಸಿನಿಯಂಥ ಜೋಡಿ ಸುತ್ತಿನದಾಗಲಿ, ಹೂವು ಕೆಳಗಿನಿಂದ ಮೇಲಕ್ಕೆ ಅರಳುವುದರಿಂದ ತುದಿಯ ಮೊಗ್ಗು ಮುಗಿಯುವ ತನಕ ಬಾಡಿದವನ್ನಷ್ಟೇ ಬಿಡಿಸಿ, ಆಮೇಲೆ ದಂಟನ್ನು ಬುಡಕ್ಕೆ ಕೊಯ್ಯಿರಿ. ಹುಲ್ಲಿನಂಥ ಎಲೆಗಳು ಮರಿಗಳಿಗೆ ಬೇಕು. ಎರಡು-ಮೂರು ವರ್ಷಕ್ಕೊಮ್ಮೆ ಬುಡ ಬಿಡಿಸಿ ನೆಟ್ಟರೆ ಇಕ್ಕಟ್ಟು ತಪ್ಪುತ್ತದೆ.

ಗ್ಲಾಡಿಯೋಲಸ್ ಹೂವನ್ನು ಹೂದಾನಿಗೆ ಕತ್ತರಿಸುವಾಗ ಗಿಡದಲ್ಲಿ ಕಡೇಪಕ್ಷ ನಾಲ್ಕು ಎಲೆ ಉಳಿಸಿ. ಆರರಿಂದ ಎಂಟು ವಾರಗಳಲ್ಲಿ ಅವು ಹಳದಿಯಾದಾಗ ಅಗೆದರೆ, ಸುಕ್ಕುಗಟ್ಟಿದ ಹಳೆಯ ಗೆಡ್ಡೆಯ ನೆತ್ತಿಯ ಮೇಲೆ ಹೊಸದೊಂದು ಕುಳಿತಿರುತ್ತದೆ. ರೇನ್ ಲಿಲಿಗೆ ಏನೂ ಮಾಡಬೇಕಾಗಿಲ್ಲ.

ಇನ್ನು ನಿಮ್ಮ ಆ ನಾಲ್ಕು ಕುಂಡಗಳು. ಈ ವರ್ಷ ಅವುಗಳ ಗೆಡ್ಡೆಯನ್ನು ಕೀಳಬೇಡಿ, ಮರಿಗಳನ್ನು ಬೇರ್ಪಡಿಸಬೇಡಿ. ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ, ಜೊತೆಗೆ ಒಂದು ಚಮಚ ಸೌದೆ ಬೂದಿ ಕೊಡಿ. ಗೆಡ್ಡೆಯ ಕತ್ತು ಮಣ್ಣಿನಿಂದ ಮೇಲೆಯೇ ಇರಲಿ. ಹೂ ಬಿಟ್ಟ ಆ ಐದನೆಯ ಕುಂಡ ಹೋದ ವರ್ಷ ಮಾಲಿಯ ಕತ್ತರಿಯಿಂದ ತಪ್ಪಿಸಿಕೊಂಡಿತ್ತೇ ಎಂದು ಒಮ್ಮೆ ಅವರನ್ನೇ ಕೇಳಿ ನೋಡಿ.